‘ಕ್ಯಾತೆ’ ಅಂದ್ರೆ ಜಗಳಾನಾ, ಬೇರೆ ಏನಾದ್ರೂನಾ?

ಗುಬ್ಬಚ್ಚಿ:
ಫ್ಯಾನು ಎರಡರಲ್ಲಿ ಇರಬೇಕಾ ನಾಲ್ಕರಲ್ಲಿ ಇರಬೇಕಾ ಅಂತ ನಿನ್ನೆ ನನಗೂ ಅಕ್ಕನಿಗೂ ಮಾತಿಗೆ ಮಾತು ಬೆಳೆಯಿತು. ಕೊನೆಗೆ ಅಮ್ಮ ಬಂದು “ಸುಮ್ನೆ ಕ್ಯಾತೆ ತೆಗೀಬೇಡ” ಅಂತ ಬೈದಿದ್ದು ನನಗೊಬ್ಬನಿಗೇ. ಕಿತ್ತಾಡಿದ್ದು ಇಬ್ಬರೂ ಅಲ್ವಾ? ಕ್ಯಾತೆ ಅಂದ್ರೆ ಸಣ್ಣಪುಟ್ಟ ಜಗಳ ಅಂತಲೇ ತಿಳಿದುಕೊಂಡಿದ್ದೆ. ಹಾಗಾದ್ರೆ ಕಿತ್ತಾಟ, ತಕರಾರು, ತಗಾದೆ ಎಲ್ಲ ಒಂದೇನಾ? ಇನ್ನೊಂದು, ಕೆಲವರು ‘ಖ್ಯಾತೆ’ ಅಂತ ಬರೆಯುತ್ತಾರೆ. ಯಾವುದು ಸರಿ?

ಹಳೇಪೆನ್ನು:
ನ್ಯಾಯ ಯಾರ ಕಡೆ ಅಂತ ಹೇಳುತ್ತಿಲ್ಲ, ಆದ್ರೆ ಅಮ್ಮ ಪದವನ್ನು ಸರಿಯಾಗೇ ಬಳಸಿದ್ದಾರೆ. ಜೊತೆಗೆ ಬರುವ ಕ್ರಿಯಾಪದ ನೋಡಿ. ಕ್ಯಾತೆಯನ್ನು ‘ತೆಗೆಯುತ್ತಾರೆ’, ಯಾರೂ ‘ಆಡುವುದಿಲ್ಲ’. ತೆಗೆಯೋಕೆ ಒಬ್ಬರು ಸಾಕು. ಎದುರಿನವರು ತೆಪ್ಪಗೆ ಕೂತಿದ್ದರೂ, ಮುಗಿದುಹೋದ ವಿಷಯವನ್ನೇ ಕೆದಕಿ, ಇಲ್ಲದ ನೆಪ ಹುಡುಕಿ, ಕಾಲು ಕೆರೆದುಕೊಂಡು ಬರುವುದು ಕ್ಯಾತೆ. ಅದಕ್ಕೇ ಪೇಪರಿನಲ್ಲಿ ‘ಗಡಿ ಕ್ಯಾತೆ’ ಅಂತ ಬರೆಯುವುದು ಬೆಳಗಾವಿ ವಿಷಯದಲ್ಲಿ ಮಹಾರಾಷ್ಟ್ರ ಮತ್ತೆ ದನಿ ಎತ್ತಿದಾಗ. ಆ ಪದ ಹಾಕಿದ ಕೂಡಲೇ ತಪ್ಪು ಆ ಕಡೆಯವರದು ಅಂತ ಹೇಳಿದ ಹಾಗೇ ಆಯ್ತು.

ಕಿತ್ತಾಟ ಹಾಗಲ್ಲ. ‘ಕಿತ್ತು’ ಜೊತೆ ‘ಆಡು’ ಸೇರಿದೆ. ಹೊಡೆದಾಡು, ಕಚ್ಚಾಡು, ಬಡಿದಾಡು ಎಲ್ಲದಕ್ಕೂ ಇಬ್ಬರು ಬೇಕು.

ಮೂಗುತೂರಿಸಿದವನು:
ಒಂದು ನಿಮಿಷ. ಕೂಗಾಡೋಕೆ ಎಷ್ಟು ಜನ ಬೇಕು? ಓಡಾಡೋಕೆ? ಹಾರಾಡೋಕೆ?

ಹಳೇಪೆನ್ನು:
ಒಪ್ಪಿದೆ, ಅವಸರ ಮಾಡಿದೆ. ‘ಆಡು’ ಸೇರಿದರೆ ಕೆಲಸ ಮತ್ತೆ ಮತ್ತೆ ನಡೆಯುತ್ತದೆ ಅನ್ನುವ ಅರ್ಥವೂ ಬರುತ್ತದೆ, ಕೂಗಾಡು ಆ ಜಾತಿಯದು. ಕಿತ್ತಾಟದಲ್ಲಿ ಎರಡೂ ಇದೆ, ಇಬ್ಬರೂ ಇರಬೇಕು, ಬೇಗ ಮುಗಿಯಲೂಬಾರದು.

ಮೂಲೆಮನೆ:
ತಕರಾರು, ತಗಾದೆ ಎರಡೂ ಅರಬ್ಬಿ ಮೂಲದವು, ಪಾರ್ಸಿ ದಾಟಿ ನಮ್ಮಲ್ಲಿಗೆ ಬಂದವು. ತಕ್ರಾರ್ ಅಂದ್ರೆ ಅಲ್ಲಿ ಮೊದಲಿಗೆ ‘ಹೇಳಿದ್ದನ್ನೇ ಮತ್ತೆ ಹೇಳುವುದು’. ನಮ್ಮ ಮನೆಯ ಜಗಳಗಳನ್ನು ನೆನೆದರೆ ಎಷ್ಟು ಸರಿಯಾಗಿದೆ ನೋಡಿ! ಕನ್ನಡದಲ್ಲಿ ಈಗ ಅದು ಆಕ್ಷೇಪಣೆ. ತಕರಾರು ಅರ್ಜಿ ಅನ್ನುತ್ತೇವೆ, ಕ್ಯಾತೆ ಅರ್ಜಿ ಅನ್ನುವುದಿಲ್ಲ. “ನನ್ನದೇನೂ ತಕರಾರಿಲ್ಲ” ಅಂತ ನಮ್ಮ ಬಗ್ಗೆ ನಾವೇ ಹೇಳಿಕೊಳ್ಳಬಹುದು, ಆದ್ರೆ “ನಾನು ಕ್ಯಾತೆ ತೆಗೀತಿದ್ದೀನಿ” ಅಂತ ಹೇಳಿಕೊಳ್ಳುವವರನ್ನು ನಾನಂತೂ ನೋಡಿಲ್ಲ. ಅದು ಯಾವಾಗಲೂ ಇನ್ನೊಬ್ಬರ ಮೇಲೆ ಹೊರಿಸುವ ಪದ.

ತಗಾದೆ ಮೂಲದಲ್ಲಿ ಸಾಲ ವಾಪಸ್ ಕೊಡು ಅಂತ ಒತ್ತಾಯ ಮಾಡುವುದು. ಆ ಅರ್ಥ ಇನ್ನೂ ಇದೆ, ಜೊತೆಗೆ ‘ತಗಾದೆ ತೆಗೆದ’ ಅಂತ ತಕರಾರಿನ ಪಕ್ಕಕ್ಕೂ ಬಂದು ಕೂತಿದೆ.

ಖ್ಯಾತೆ ಬೇಡ. ಖ್ಯಾತ ಅಂದ್ರೆ ಹೆಸರಾದವನು, ಖ್ಯಾತೆ ಅಂದ್ರೆ ಹೆಸರಾದವಳು. ಮಹಾಪ್ರಾಣ ಹಾಕಿದರೆ ಪದಕ್ಕೆ ತೂಕ ಬರುತ್ತದೆ ಅಂದುಕೊಳ್ಳುತ್ತಾರೋ ಏನೋ.

ಗುಬ್ಬಚ್ಚಿ:
ಅಕ್ಕನಿಗೆ ಇದನ್ನೆಲ್ಲ ಓದಿ ಹೇಳಿದೆ. ‘ಮುಗಿದುಹೋದ ವಿಷಯ ಕೆದಕುವುದು’ ಅನ್ನುವ ಸಾಲಿಗೆ ಬಂದಾಗ ನನ್ನ ಮುಖ ನೋಡಿ ನಕ್ಕಳು. ಫ್ಯಾನು ಎರಡರಲ್ಲೇ ಇದೆ.