ನೆಗಡಿಯೋ, ಸೈನಸ್ ಸೋಂಕೋ: ಭಾನುವಾರದ ಪ್ರಶ್ನೋತ್ತರ

ಗುಂಪಿನ ನಿರ್ವಾಹಕ (ಬೆಳಿಗ್ಗೆ 9.00): ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯ ಕಿವಿ, ಮೂಗು, ಗಂಟಲು ತಜ್ಞೆ, ನಮ್ಮ ಗುಂಪಿನ ಸದಸ್ಯೆಯೂ ಆಗಿರುವ ಡಾಕ್ಟರರು ಇಂದು ಹನ್ನೊಂದರವರೆಗೆ ಸೈನಸ್ ಸೋಂಕಿನ ಬಗ್ಗೆ ಉತ್ತರಿಸುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಶುಭೋದಯದ ಚಿತ್ರಗಳು ಬೇಡ, ಎಲ್ಲಿಂದಲೋ ಬಂದ ಸಂದೇಶಗಳೂ ಬೇಡ.

ಡಾಕ್ಟರ್ (9.06): ನಮಸ್ಕಾರ. ಮೊದಲೇ ಕೆಲವು ಮಾತು ಹೇಳಿಬಿಡುತ್ತೇನೆ, ಅರ್ಧ ಪ್ರಶ್ನೆಗಳು ಕಡಿಮೆಯಾದಾವು. ಮುಖದ ಎಲುಬಿನೊಳಗೆ ಗಾಳಿ ತುಂಬಿದ ನಾಲ್ಕು ಜೊತೆ ಪೊಳ್ಳುಗಳಿವೆ. ಕೆನ್ನೆಯಲ್ಲಿ, ಹುಬ್ಬಿನ ಮೇಲೆ, ಎರಡು ಕಣ್ಣುಗಳ ನಡುವೆ, ಇನ್ನೊಂದು ಜೊತೆ ಹಿಂದೆ ಆಳದಲ್ಲಿ. ಅವೇ ಸೈನಸ್‌ಗಳು. ‘ನನಗೆ ಸೈನಸ್ ಇದೆ’ ಎಂದರೆ ‘ನನಗೆ ಮೊಣಕಾಲಿದೆ’ ಎಂದ ಹಾಗೆ. ಇವುಗಳ ಬಾಯಿ ಕಿರಿದು, ಮೂಗಿನೊಳಗೆ ತೆರೆಯುತ್ತದೆ. ನೆಗಡಿಯಿಂದ ಒಳಪೊರೆ ಊದಿದಾಗ ಬಾಯಿ ಮುಚ್ಚಿ ದ್ರವ ಒಳಗೇ ನಿಲ್ಲುತ್ತದೆ. ಬಹುಪಾಲು ಇದು ವೈರಸ್ಸಿನ ಕೆಲಸ, ಒಂದು ವಾರ ಹತ್ತು ದಿನದಲ್ಲಿ ತಾನಾಗಿ ಇಳಿಯುತ್ತದೆ. ಬ್ಯಾಕ್ಟೀರಿಯಾ ಸೇರಿಕೊಳ್ಳುವುದು ನೂರರಲ್ಲಿ ಒಬ್ಬಿಬ್ಬರಿಗೆ. ಹತ್ತು ದಿನ ಕಳೆದರೂ ಸ್ವಲ್ಪವೂ ಇಳಿಯದಿದ್ದರೆ, ಐದಾರನೇ ದಿನ ಆರಾಮವಾಗಿ ಮತ್ತೆ ಜ್ವರ ಮತ್ತು ಮುಖದ ನೋವು ತಿರುಗಿ ಬಂದರೆ, ಅಥವಾ ಮೊದಲಿನಿಂದಲೇ 102 ಡಿಗ್ರಿ ಜ್ವರ, ಕೀವಿನಂಥ ಗೊಣ್ಣೆ ಮೂರು ನಾಲ್ಕು ದಿನ ಬಿಡದಿದ್ದರೆ ತೋರಿಸಬೇಕು. ಈಗ ಕೇಳಿ.

ನವನಗರದ ಸದಸ್ಯ (9.09): ಮೇಡಂ, ನಾಲ್ಕು ದಿನದಿಂದ ನೆಗಡಿ. ಇಂದು ಗೊಣ್ಣೆ ಹಳದಿಯಾಗಿದೆ. ಆಂಟಿಬಯಾಟಿಕ್ ಶುರು ಮಾಡಲೇ?

ಡಾಕ್ಟರ್ (9.10): ಬೇಡ. ವೈರಸ್ಸಿನ ನೆಗಡಿಯಲ್ಲೂ ಗೊಣ್ಣೆ ಹಳದಿ, ಹಸಿರು ಆಗುತ್ತದೆ. ಬಣ್ಣ ನೋಡಬೇಡಿ, ದಿನ ಎಣಿಸಿ.

ಬ್ಯಾಡಗಿಯ ದಲಾಲಿ ಅಂಗಡಿಯವರು (9.13): ನಮಸ್ಕಾರ ಡಾಕ್ಟರರೇ. ಸುಗ್ಗಿ ಬಂತೆಂದರೆ ನನಗೆ ಸೈನಸ್ ಬಂತೆಂದೇ ಅರ್ಥ. ಸೀನು, ಮೂಗಿನಿಂದ ನೀರು, ಹಣೆ ಭಾರ. ಪ್ರತಿ ವರ್ಷ ಎರಡು ಮೂರು ಸಲ ಆಂಟಿಬಯಾಟಿಕ್ ನುಂಗುತ್ತೇನೆ. ಹದಿನೈದು ವರ್ಷದಿಂದ ಇದೇ ಹಾಡು.

ಡಾಕ್ಟರ್ (9.17): ಜ್ವರ ಬರುತ್ತದೆಯೇ? ಸೋಮವಾರ, ಗುರುವಾರದ ಮಾರುಕಟ್ಟೆ ದಿನ ಜಾಸ್ತಿಯಾಗಿ ಭಾನುವಾರ ಮನೆಯಲ್ಲಿದ್ದಾಗ ಕಡಿಮೆಯಾಗುತ್ತದೆಯೇ?

ಬ್ಯಾಡಗಿಯ ದಲಾಲಿ ಅಂಗಡಿಯವರು (9.18): ಜ್ವರವಿಲ್ಲ. ಭಾನುವಾರ ಆರಾಮ. ಇಂದೂ ಆರಾಮವಾಗಿದ್ದೇನೆ, ಅದಕ್ಕೇ ಟೈಪು ಮಾಡಲು ಆಗುತ್ತಿದೆ.

ಡಾಕ್ಟರ್ (9.24): ಹಾಗಿದ್ದರೆ ಉತ್ತರ ನೀವೇ ಹೇಳಿದಿರಿ. ಸೋಂಕಿಗೆ ವಾರದ ರಜೆ ಗೊತ್ತಿಲ್ಲ. ಮೆಣಸಿನಕಾಯಿಯ ಘಾಟು ಮತ್ತು ಧೂಳು ಮೂಗಿನ ಒಳಪೊರೆಯನ್ನು ಕೆರಳಿಸುತ್ತಿವೆ. ಬ್ಯಾಕ್ಟೀರಿಯಾ ಇಲ್ಲದ ಕಡೆ ಆಂಟಿಬಯಾಟಿಕ್ ಮಾಡುವ ಕೆಲಸವೇನಿಲ್ಲ, ಹದಿನೈದು ವರ್ಷ ಹೊಟ್ಟೆ ಕೆಡಿಸಿಕೊಂಡಿದ್ದೀರಿ ಅಷ್ಟೇ. ಚೀಲ ಸುರಿಯುವಾಗ, ತೂರುವಾಗ ಮೂಗಿಗೆ ಬಿಗಿಯಾಗಿ ಕೂರುವ ಮಾಸ್ಕ್ ಹಾಕಿ. ಹೆಗಲ ಮೇಲಿನ ಟವೆಲ್ ಸಾಲದು, ಅದರಲ್ಲೇ ಅರ್ಧ ಧೂಳು ಇರುತ್ತದೆ. ಸಂಜೆ ಉಪ್ಪುನೀರಿನಿಂದ ಮೂಗು ತೊಳೆಯಿರಿ. ಅಲರ್ಜಿಯೂ ಸೇರಿದೆಯೇ ಎಂದು ಒಮ್ಮೆ ತಜ್ಞರ ಬಳಿ ನೋಡಿಸಿ, ಮೂಗಿಗೆ ಹೊಡೆದುಕೊಳ್ಳುವ ಸ್ಟೀರಾಯ್ಡ್ ಸ್ಪ್ರೇ ಬೇಕಾಗಬಹುದು. ಧಾರವಾಡದವರಿಗೂ ಇದೇ ಮಾತು: ಮಳೆ ನಿಂತ ಮೇಲೆ ಖಾಲಿ ನಿವೇಶನದ ಕಾಂಗ್ರೆಸ್ ಕಸ ಹೂ ಬಿಟ್ಟಾಗ ಕಣ್ಣು ಮೂಗು ತುರಿಸಿ ಸೀನುವವರೆಲ್ಲ ಸೈನಸ್ ರೋಗಿಗಳಲ್ಲ.

ಕೇಶ್ವಾಪುರದ ಸದಸ್ಯೆ (9.27): ಬಂದದ್ದನ್ನು ಹಂಚುತ್ತಿದ್ದೇನೆ. ‘ಎರಡೂ ಹೊಳ್ಳೆಗೆ ಒಂದೊಂದು ಬಳ್ಳೊಳ್ಳಿ ಎಸಳು ಇಟ್ಟು ಹತ್ತು ನಿಮಿಷ ಬಿಡಿ. ಸೈನಸ್ಸಿನ ಕೊಳೆಯೆಲ್ಲ ಸುರಿದುಹೋಗುತ್ತದೆ. ಡಾಕ್ಟರ್‌ಗಳು ಇದನ್ನು ಹೇಳುವುದಿಲ್ಲ. ಹತ್ತು ಜನರಿಗೆ ಕಳುಹಿಸಿ.’

ಮುಂಡರಗಿ ಕಡೆಯ ಸದಸ್ಯ (9.29): ಅಕ್ಕಾ, ಅಪ್ಪನಿಗೆ ಐದು ದಿನದಿಂದ ಎಡ ಕೆನ್ನೆ ನೋವು. ಹಬೆ ತೆಗೆದುಕೊಂಡರೂ ಇಳಿದಿಲ್ಲ. ಈಗ ಆ ಕಡೆ ಜೋಮು ಹಿಡಿದಂತಿದೆ ಎನ್ನುತ್ತಾರೆ. ಹಬೆಯ ನೀರಿಗೆ ನೀಲಗಿರಿ ಎಣ್ಣೆ ಹಾಕಬಹುದೇ? ಅವರಿಗೆ ಸಕ್ಕರೆ ಕಾಯಿಲೆ ಇದೆ.

ಡಾಕ್ಟರ್ (9.31): ಕೇಶ್ವಾಪುರದವರೇ, ಬಳ್ಳೊಳ್ಳಿಯ ಖಾರಕ್ಕೆ ಮೂಗು ಉರಿದು ನೀರು ಬಿಡುತ್ತದೆ. ಎಸಳು ತೆಗೆದಾಗ ಸುರಿಯುವುದು ಆ ನೀರು, ಸೈನಸ್ಸಿನ ಕೊಳೆಯಲ್ಲ. ಒಳಪೊರೆ ಸುಟ್ಟುಕೊಂಡು ಬಂದವರನ್ನೂ ಎಸಳು ಒಳಗೆ ಸಿಕ್ಕಿ ಬಂದವರನ್ನೂ ನೋಡಿದ್ದೇನೆ. 2021ರಲ್ಲಿ ಮೂಗಿಗೆ ನಿಂಬೆರಸ ಬಿಟ್ಟುಕೊಳ್ಳಿ ಎಂಬ ಮಾತು ನಮ್ಮ ಕಡೆಯೆಲ್ಲ ಓಡಾಡಿದ್ದು ಮರೆತಿರಾ? ಬಳ್ಳೊಳ್ಳಿಯನ್ನು ಒಗ್ಗರಣೆಗೆ ಇಟ್ಟುಕೊಳ್ಳಿ.

ಡಾಕ್ಟರ್ (9.33): ಮುಂಡರಗಿಯ ತಮ್ಮಾ, ಹಬೆಯ ಮಾತು ಆಮೇಲೆ. ಇವಕ್ಕೆ ತಕ್ಷಣ ಉತ್ತರ ಬೇಕು. ಸಕ್ಕರೆ ಈಗ ಎಷ್ಟಿದೆ? ಎಡಗಣ್ಣಿನ ರೆಪ್ಪೆ ಊದಿದೆಯೇ, ಇಳಿಬಿದ್ದಿದೆಯೇ? ಒಂದು ವಸ್ತು ಎರಡಾಗಿ ಕಾಣುತ್ತಿದೆಯೇ? ಬಾಯಿ ತೆರೆಸಿ ಮೊಬೈಲಿನ ಬೆಳಕಿನಲ್ಲಿ ಅಂಗುಳ ನೋಡು, ಕಪ್ಪು ಮಚ್ಚೆ ಇದೆಯೇ? ಮೇಲಿನ ಹಲ್ಲು ಅಲುಗಾಡುತ್ತಿವೆಯೇ?

ವಿದ್ಯಾಗಿರಿಯ ಸದಸ್ಯೆ (9.36): ಮೇಡಂ, ಎಂಟು ವರ್ಷದಿಂದ ಸೈನಸ್ ತಲೆನೋವು. ಬಿಸಿಲಲ್ಲಿ ಸ್ಕೂಟರ್ ಓಡಿಸಿದರೆ ಹುಬ್ಬಿನ ಮೇಲೆ ಬಡಿದಂತೆ ನೋವು, ವಾಂತಿ, ಬೆಳಕು ನೋಡಲು ಆಗುವುದಿಲ್ಲ. ಕತ್ತಲ ಕೋಣೆಯಲ್ಲಿ ಮಲಗಿದರೆ ಇಳಿಯುತ್ತದೆ. ಮೂಗು ಕಟ್ಟುವುದಿಲ್ಲ.

ಡಾಕ್ಟರ್ (9.40): ಇದು ಮೈಗ್ರೇನ್ ಇರಬಹುದು. ವಾಂತಿ, ಬೆಳಕು ತಡೆಯದಿರುವುದು ಅದರ ಗುರುತು. ಸೈನಸ್ ಸೋಂಕಿಗೆ ಮೂಗು ಕಟ್ಟಬೇಕು, ಕೀವಿನಂಥ ಗೊಣ್ಣೆ ಹೊರಗೋ ಗಂಟಲೊಳಗೋ ಇಳಿಯಬೇಕು, ವಾಸನೆ ತಿಳಿಯುವುದು ಕಡಿಮೆಯಾಗಬೇಕು. ಇವಾವುವೂ ಇಲ್ಲದೆ ಬರಿಯ ತಲೆನೋವು ವರ್ಷಗಟ್ಟಲೆ ಸೈನಸ್ಸಿನಿಂದ ಬರುವುದು ಅಪರೂಪ. ‘ಸೈನಸ್’ ಎಂದು ಬರುವ ತಲೆನೋವುಗಳಲ್ಲಿ ಬಹಳಷ್ಟು ಮೈಗ್ರೇನ್ ಆಗಿರುತ್ತವೆ. ಮೂಗಿನ ಮಾತ್ರೆ ಬಿಡಿ, ನರರೋಗ ತಜ್ಞರಿಗೆ ತೋರಿಸಿ.

ನಿವೃತ್ತ ಮಾಸ್ತರರು, ಧಾರವಾಡ (9.43): ಡಾಕ್ಟರಮ್ಮಾ, ಪ್ರತಿಯೊಂದಕ್ಕೂ ಅಲ್ಲಿ ತೋರಿಸಿ ಇಲ್ಲಿ ತೋರಿಸಿ ಎನ್ನುತ್ತೀರಿ. ನಾನು ಮೂವತ್ತು ವರ್ಷದಿಂದ ಜಲನೇತಿ, ಅಂದರೆ ಮೂಗಿಗೆ ನೀರು ಹಾಯಿಸಿ ತೊಳೆಯುವುದನ್ನು, ಮಾಡುತ್ತಿದ್ದೇನೆ. ಒಂದು ದಿನ ನೆಗಡಿಯೆಂದು ಮಲಗಿಲ್ಲ. ನಮ್ಮ ಹಿರಿಯರ ವಿದ್ಯೆಯ ಬಗ್ಗೆ ಒಂದು ಅಕ್ಷರವನ್ನೂ ನೀವು ಹೇಳಲಿಲ್ಲ.

ಲಕ್ಷ್ಮೇಶ್ವರದ ಔಷಧ ಅಂಗಡಿಯವರು (9.45): ಮಾಸ್ತರರೇ, ಯಾವ ನೀರಿನಲ್ಲಿ ಮಾಡುತ್ತೀರಿ?

ನಿವೃತ್ತ ಮಾಸ್ತರರು (9.46): ನಮ್ಮ ಮನೆಯ ಟಾಕಿಯ ನೀರು. ಮಲಪ್ರಭೆಯ ನೀರು ಸ್ವಾಮಿ, ಕುಡಿಯುವ ನೀರೇ.

ಡಾಕ್ಟರ್ (9.50): ಸರ್, ಜಲನೇತಿಗೆ ನನ್ನ ವಿರೋಧವಿಲ್ಲ. ಉಪ್ಪುನೀರಿನಿಂದ ಮೂಗು ತೊಳೆಯಿರಿ ಎಂದು ನಾನೇ ಬ್ಯಾಡಗಿಯವರಿಗೆ ಹೇಳಿದೆ. ವಿರೋಧ ಟಾಕಿಯ ನೀರಿಗೆ. ನಲ್ಲಿ ನೀರು ಬಂದ ದಿನ ತುಂಬಿ ಮುಂದಿನ ಸರದಿಯವರೆಗೆ ಇಡುವ ನೀರು ಅದು. ಕುಡಿದರೆ ಹೊಟ್ಟೆಯ ಆಮ್ಲ ತಡೆಯುವ ಜೀವಿ ಮೂಗಿನಿಂದ ಹೋದರೆ ನೇರ ಮಿದುಳಿನ ದಾರಿ ಹಿಡಿಯಬಲ್ಲದು. ಕೇರಳದಲ್ಲಿ ಇತ್ತೀಚಿನ ವರ್ಷಗಳಲ್ಲಿ ಸುದ್ದಿಯಾದ ಮಿದುಳು ತಿನ್ನುವ ಅಮೀಬಾದ ದಾರಿ ಮೂಗೇ. ನೀರನ್ನು ಮರಳಿಸಿ ಆರಿಸಿ, ಕಾಲು ಲೀಟರಿಗೆ ಅರ್ಧ ಚಮಚ ಉಪ್ಪು ಹಾಕಿ, ಪಾತ್ರೆಯನ್ನು ಪ್ರತಿದಿನ ತೊಳೆದು ಒಣಗಿಸಿ. ಆಮೇಲೆ ಇನ್ನೂ ಮೂವತ್ತು ವರ್ಷ ಮಾಡಿ.

ಡಾಕ್ಟರ್ (9.51): ಮುಂಡರಗಿಯವರು ಇದ್ದೀರಾ?

ಗದಗಿನ ಸದಸ್ಯ (9.53): ಮೂಗು ಬಿಡಿಸುವ ಹನಿ ಎರಡು ವರ್ಷದಿಂದ ಹಾಕುತ್ತಿದ್ದೇನೆ, ಹಾಕದಿದ್ದರೆ ಉಸಿರಾಡಲು ಆಗುವುದಿಲ್ಲ. ತೊಂದರೆಯೇ?

ಡಾಕ್ಟರ್ (9.54): ಐದು ದಿನದ ಔಷಧ ಅದು. ಈಗ ನಿಮ್ಮ ಮೂಗನ್ನು ಕಟ್ಟುತ್ತಿರುವುದೇ ಆ ಹನಿ. ಬಿಡಿಸುವ ಕ್ರಮವಿದೆ, ಬಂದು ತೋರಿಸಿ.

ಅಕ್ಕಿಆಲೂರಿನ ಸದಸ್ಯೆ (9.57): ಮೂರು ವರ್ಷದ ಮಗನಿಗೆ ಒಂದೇ ಹೊಳ್ಳೆಯಿಂದ ನಾರುವ ಗೊಣ್ಣೆ, ಹತ್ತು ದಿನವಾಯಿತು. ಸೈನಸ್ಸೇ?

ಡಾಕ್ಟರ್ (9.59): ಆ ವಯಸ್ಸಿನಲ್ಲಿ ಒಂದೇ ಹೊಳ್ಳೆ ನಾರಿದರೆ ಒಳಗೆ ಏನೋ ತುರುಕಿಕೊಂಡಿದ್ದಾನೆ ಎಂದೇ ಮೊದಲ ಅನುಮಾನ. ಕಡಲೆ, ಮಣಿ, ಸ್ಪಂಜಿನ ಚೂರು. ನೀವು ಹೇರ್‌ಪಿನ್ನಿನಿಂದ ತೆಗೆಯಲು ಹೋಗಬೇಡಿ, ಒಳಕ್ಕೆ ಹೋಗುತ್ತದೆ. ಗುಂಡಿ ಆಕಾರದ ಬ್ಯಾಟರಿ ಎಂಬ ಅನುಮಾನವಿದ್ದರೆ ಈಗಲೇ ಹೊರಡಿ, ಇಲ್ಲವಾದರೆ ನಾಳೆ ತಪ್ಪಿಸಬೇಡಿ.

ಲಕ್ಷ್ಮೇಶ್ವರದ ಔಷಧ ಅಂಗಡಿಯವರು (10.01): ಮೇಡಂ, ಒಂದು ಮಾತು. ಆಂಟಿಬಯಾಟಿಕ್ ಎಂದರೆ ಎಲ್ಲರೂ ಅಂಗಡಿಯವರತ್ತ ಬೆರಳು ತೋರಿಸುತ್ತಾರೆ. ರಾತ್ರಿ ಹತ್ತಕ್ಕೆ ಜ್ವರ ಬಂದ ಮನುಷ್ಯ ನಮ್ಮ ಬಾಗಿಲಿಗೆ ಬಂದು ನಿಂತರೆ ಏನು ಮಾಡಬೇಕು? ‘ದಿನ ಎಣಿಸು’ ಎಂದರೆ ಪಕ್ಕದ ಅಂಗಡಿಗೆ ಹೋಗುತ್ತಾನೆ.

ನಿವೃತ್ತ ಮಾಸ್ತರರು (10.03): ಅದಕ್ಕೇ ಎಲ್ಲರಿಗೂ ಮೂರು ಮಾತ್ರೆಯ ಪಟ್ಟಿ ಕೊಟ್ಟು ದುಡ್ಡು ಎಣಿಸುತ್ತೀರಿ.

ಲಕ್ಷ್ಮೇಶ್ವರದ ಔಷಧ ಅಂಗಡಿಯವರು (10.04): ಮಾಸ್ತರರೇ, ನಿಮ್ಮ ಮನೆಯ ಬಿ.ಪಿ. ಮಾತ್ರೆಯನ್ನು ಜಲನೇತಿ ಪಾತ್ರೆಯಿಂದ ತರುತ್ತೀರೋ, ಅಂಗಡಿಯಿಂದಲೋ?

ಮುಂಡರಗಿ ಕಡೆಯ ಸದಸ್ಯ (10.05): ಅಕ್ಕಾ, ಕ್ಷಮಿಸಿ, ನೆಟ್‌ವರ್ಕ್ ಇರಲಿಲ್ಲ. ನಿನ್ನೆ ನೋಡಿದಾಗ ಸಕ್ಕರೆ 412. ಬೆಳಿಗ್ಗೆಯಿಂದ ಎಡ ರೆಪ್ಪೆ ಊದಿದೆ, ಅರ್ಧ ಮುಚ್ಚಿದೆ. ಅಂಗುಳದಲ್ಲಿ ಕಪ್ಪು ಕಾಣಲಿಲ್ಲ. ಮೂಗಿನಿಂದ ಕಂದು ಬಣ್ಣದ್ದು ಬಂದಿದೆ. ಇಂದು ಅಮಾವಾಸ್ಯೆ, ಹೊರಡುವುದು ಬೇಡ, ನಾಳೆ ನೋಡೋಣ ಎಂದು ಅವ್ವ ಹೇಳುತ್ತಿದ್ದಾಳೆ.

ಡಾಕ್ಟರ್ (10.12): ತಮ್ಮಾ, ಇದನ್ನು ಅವ್ವನಿಗೂ ಓದಿ ಹೇಳು. ಸಾಮಾನ್ಯ ಸೈನಸ್ ಸೋಂಕು ನೋಯುತ್ತದೆ, ಭಾರವಾಗುತ್ತದೆ, ಬಗ್ಗಿದರೆ ಹೆಚ್ಚಾಗುತ್ತದೆ. ಆದರೆ ಕೆನ್ನೆಯನ್ನು ಜೋಮು ಹಿಡಿಸುವುದಿಲ್ಲ. ಜೋಮು ಎಂದರೆ ನರಕ್ಕೆ ಪೆಟ್ಟು ಬೀಳುತ್ತಿದೆ ಎಂದು. ಸಕ್ಕರೆ ಮಿತಿಮೀರಿದವರಲ್ಲಿ ಒಂದು ಬಗೆಯ ಶಿಲೀಂಧ್ರ ಸೈನಸ್ಸಿನಲ್ಲಿ ಬೇರೂರುತ್ತದೆ. ಅದು ರಕ್ತನಾಳದೊಳಗೆ ನುಗ್ಗಿ ರಕ್ತ ನಿಲ್ಲಿಸುತ್ತದೆ, ರಕ್ತವಿಲ್ಲದ ಮಾಂಸ ಸತ್ತು ಕಪ್ಪಾಗುತ್ತದೆ. 2021ರಲ್ಲಿ ಕೊರೋನಾ ಜೊತೆಗೆ ಕೇಳಿದ ಕಪ್ಪು ಶಿಲೀಂಧ್ರ ಎಂದರೆ ಇದೇ, ಡಾಕ್ಟರರು ಮ್ಯೂಕರ್ ಎನ್ನುತ್ತಾರೆ. ಆಗ ಅದರ ಔಷಧಕ್ಕೆ ಜನ ಊರೂರು ಅಲೆದದ್ದು ನೆನಪಿರಬೇಕು. ಕೊರೋನಾ ಇಲ್ಲದೆಯೂ ಸಕ್ಕರೆ ಕಾಯಿಲೆಯವರಿಗೆ ಬರುತ್ತದೆ. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ, ಅಪ್ಪನನ್ನು ಮುಟ್ಟಲು ಹೆದರಬೇಡಿ.

ಕಪ್ಪು ಮಚ್ಚೆ ಇಲ್ಲವೆಂದು ಸಮಾಧಾನ ಪಡಬೇಡ, ಅದು ತಡವಾಗಿ ಕಾಣುವ ಗುರುತು. ಅಪ್ಪನಿಗೆ ಅದೇ ಆಗಿದೆ ಎಂದು ಮೊಬೈಲಿನಲ್ಲಿ ಕುಳಿತು ನಾನು ಹೇಳಲಾರೆ. ಅನುಮಾನ ಬಂದ ಮೇಲೆ ಕಾಯುವಂತಿಲ್ಲ, ಕಣ್ಣಿಗೂ ಮಿದುಳಿಗೂ ಹಬ್ಬುವ ವೇಗ ಗಂಟೆಗಳ ಲೆಕ್ಕದ್ದು. ಬೇರೇನೋ ಎಂದು ತೇಲಿದರೆ ಬಾಡಿಗೆ ಗಾಡಿಯ ದುಡ್ಡು ಹೋಯಿತು, ಹೋಗಲಿ.

ಈಗಲೇ ಗದಗಿನ ಜಿಮ್ಸ್ ಆಸ್ಪತ್ರೆಗೆ ಹೊರಡಿ. ತುರ್ತು ವಿಭಾಗದಲ್ಲಿ ‘ಸೈನಸ್ ನೋವು’ ಎನ್ನಬೇಡ, ಚೀಟಿ ಬರೆದು ಕಳುಹಿಸಿಬಿಟ್ಟಾರು. ‘ಸಕ್ಕರೆ ನಾನೂರು ದಾಟಿದೆ, ಒಂದೇ ಕಡೆ ಮುಖ ಜೋಮು, ರೆಪ್ಪೆ ಇಳಿದಿದೆ, ಮ್ಯೂಕರ್ ಅನುಮಾನವಿದೆ ಎಂದು ಹೇಳಿದ್ದಾರೆ’ ಎನ್ನು. ಮೂಗಿನೊಳಗೆ ದುರ್ಬೀನು ಹಾಕಿ ನೋಡಬೇಕು. ಸಕ್ಕರೆಯ ಮಾತ್ರೆ, ಹಳೆಯ ಚೀಟಿಗಳನ್ನೆಲ್ಲ ಜೊತೆಗೆ ಒಯ್ಯಿ. ಅಮಾವಾಸ್ಯೆ ಪ್ರತಿ ತಿಂಗಳೂ ಬರುತ್ತದೆ.

ನಿವೃತ್ತ ಮಾಸ್ತರರು (10.15): ಕಾಯಿಲೆಯ ಮಾತು ಸರಿ. ಆದರೆ ಆ ಕೊನೆಯ ಸಾಲು ಬೇಕಾಗಿರಲಿಲ್ಲ. ಹೆಣ್ಣುಮಕ್ಕಳ ನಂಬಿಕೆಯನ್ನು ಹಂಗಿಸಬಾರದು.

ವಿದ್ಯಾಗಿರಿಯ ಸದಸ್ಯೆ (10.16): ಯಾರೂ ಹಂಗಿಸಿಲ್ಲ ಸರ್. ನಿಮ್ಮ ಕಣ್ಣೇ ಹೋಗುವಂತಿದ್ದರೆ ಪಂಚಾಂಗ ತೆಗೆಯುತ್ತಿದ್ದಿರಾ?

ಲಕ್ಷ್ಮೇಶ್ವರದ ಔಷಧ ಅಂಗಡಿಯವರು (10.17): ಭಾನುವಾರವೂ ಗುಂಪಿನಲ್ಲಿ ತರಗತಿ ನಡೆಸಬೇಡಿ ಮಾಸ್ತರರೇ.

ನಿವೃತ್ತ ಮಾಸ್ತರರು (10.18): ನಾನು ತರಗತಿ ನಡೆಸಿದ್ದಕ್ಕೇ ನಿಮ್ಮಂಥವರು ಔಷಧದ ಹೆಸರು ಓದುವಷ್ಟಾದರೂ ಕಲಿತದ್ದು.

ಕೇಶ್ವಾಪುರದ ಸದಸ್ಯೆ (10.20): ಜಗಳ ಬೇಡ. ಬಟ್ಟೆಯಲ್ಲಿ ಕರ್ಪೂರ, ಅಜವಾನ, ಲವಂಗ ಕಟ್ಟಿ ಮೂಸಿದರೆ ಸೈನಸ್ ಪೂರ್ತಿ ಹೋಗುತ್ತದೆಯಂತೆ. ಇದು ನನ್ನ ತಂಗಿ ಕಳುಹಿಸಿದ್ದು, ಎಲ್ಲಿಂದಲೋ ಬಂದದ್ದಲ್ಲ.

ಡಾಕ್ಟರ್ (10.21): ಚಿಕ್ಕ ಮಕ್ಕಳಿರುವ ಮನೆಯಲ್ಲಿ ಕರ್ಪೂರವನ್ನು ಕೈಗೆ ಸಿಗುವಂತೆ ಇಡಬೇಡಿ. ಬಾಯಿಗೆ ಹಾಕಿಕೊಂಡರೆ ಫಿಟ್ಸ್ ಬರುತ್ತದೆ. ನಿಮ್ಮ ತಂಗಿಗೂ ಹೇಳಿ.

ಹಾವೇರಿಯ ಸದಸ್ಯ (10.24): ಹಬೆ ದಿನಕ್ಕೆ ಎಷ್ಟು ಬಾರಿ?

ಗದಗಿನ ಇನ್ನೊಬ್ಬ ಸದಸ್ಯ (10.26): ಹಬೆಗೆ ಏನು ಹಾಕಬೇಕು?

ಡಾಕ್ಟರ್ (10.27): ಹಬೆಯಿಂದ ಸ್ವಲ್ಪ ಹೊತ್ತು ಹಾಯೆನಿಸುತ್ತದೆ, ಸೋಂಕು ಹೋಗುವುದಿಲ್ಲ. ಏನೂ ಹಾಕಬೇಡಿ. ಮಕ್ಕಳಿಗೆ ಬೇಡವೇ ಬೇಡ, ಪಾತ್ರೆ ಮೈಮೇಲೆ ಚೆಲ್ಲುತ್ತದೆ.

ಹೊಸೂರಿನ ಸದಸ್ಯ (10.31): ಆರು ತಿಂಗಳಿಂದ ಬಲ ಹೊಳ್ಳೆಯಲ್ಲಿ ಮಾತ್ರ ಕೊಳೆತ ವಾಸನೆ. ಬೇರೆಯವರಿಗೆ ಬರುವುದಿಲ್ಲ, ನನಗಷ್ಟೇ. ಬಲ ಮೇಲಿನ ದವಡೆಹಲ್ಲಿಗೆ ಹೋದ ವರ್ಷ ಬೇರುನಾಳದ ಚಿಕಿತ್ಸೆ (ರೂಟ್ ಕೆನಾಲ್) ಆಗಿದೆ. ಸಂಬಂಧವಿದೆಯೇ?

ಡಾಕ್ಟರ್ (10.36): ಒಳ್ಳೆಯ ಪ್ರಶ್ನೆ. ಇರಬಹುದು. ಮೇಲಿನ ದವಡೆಹಲ್ಲುಗಳ ಬೇರಿಗೂ ಕೆನ್ನೆಯ ಸೈನಸ್ಸಿನ ನೆಲಕ್ಕೂ ನಡುವೆ ಇರುವುದು ತೆಳುವಾದ ಎಲುಬು, ಕೆಲವರಲ್ಲಿ ಅದೂ ಇರುವುದಿಲ್ಲ. ಬೇರಿನ ತುದಿಯ ಕೀವು ಮೇಲಕ್ಕೆ ಒಸರಿದರೆ ಒಂದೇ ಕಡೆ, ನಾರುವ ಸೈನಸ್ ಸೋಂಕು ಆಗುತ್ತದೆ. ಹಲ್ಲು ನೋಯದೆಯೂ ಇರಬಹುದು, ಅದಕ್ಕೇ ಯಾರೂ ಹಲ್ಲಿನತ್ತ ನೋಡುವುದಿಲ್ಲ. ಸಿ.ಟಿ. ಸ್ಕ್ಯಾನ್ ಆಗಬೇಕು. ಹಲ್ಲು ಸರಿಪಡಿಸದೆ ಎಷ್ಟು ಔಷಧ ನುಂಗಿದರೂ ಮರಳಿ ಬರುತ್ತದೆ. ಹಲ್ಲು ಸರಿಯಿದ್ದರೂ ಸ್ಕ್ಯಾನ್ ಬಿಡಬೇಡಿ, ಒಂದೇ ಕಡೆಯ ತೊಂದರೆ ಇಷ್ಟು ದಿನ ಉಳಿದರೆ ಗಡ್ಡೆ ಇಲ್ಲವೆಂದೂ ಖಚಿತಪಡಿಸಿಕೊಳ್ಳಬೇಕು.

ಮುಂಡರಗಿ ಕಡೆಯ ಸದಸ್ಯ (10.39): ಗಾಡಿ ಸಿಕ್ಕಿತು ಅಕ್ಕಾ. ಹೊರಟೆವು.

ರಾಣೇಬೆನ್ನೂರಿನ ಸದಸ್ಯೆ (10.44): ಮೂಗಿನ ದುರ್ಮಾಂಸದ ಆಪರೇಷನ್ ಎರಡು ಸಲ ಆಗಿದೆ, ಮತ್ತೆ ಬೆಳೆದಿದೆ. ದಮ್ಮೂ ಇದೆ. ಏನು ಮಾಡಬೇಕು?

ನವನಗರದ ಸದಸ್ಯ (10.47): ಮೇಡಂ, ಈಗ ನೋಡಿದೆ, ಹಸಿರಾಗಿದೆ. ಈಗಲಾದರೂ ಶುರು ಮಾಡಲೇ?

ಡಾಕ್ಟರ್ (10.48): 9.10ರ ಉತ್ತರ ಓದಿ.

ಗುಂಪಿನ ನಿರ್ವಾಹಕ (11.00): ಡಾಕ್ಟರರಿಗೆ ಧನ್ಯವಾದಗಳು. ಮಾಸ್ತರರು ಗುಂಪು ಬಿಟ್ಟಿದ್ದಾರೆ, ಯಾರಾದರೂ ಫೋನ್ ಮಾಡಿ ಮಾತನಾಡಿ. ಇನ್ನು ಸಂದೇಶ ಹಾಕಬೇಡಿ.

ಹಾವೇರಿಯ ಇನ್ನೊಬ್ಬ ಸದಸ್ಯ (11.20): ತಡವಾಗಿ ನೋಡಿದೆ. ಸೈನಸ್ಸಿಗೆ ಹಬೆ ಒಳ್ಳೆಯದೇ?

ಮುಂಡರಗಿ ಕಡೆಯ ಸದಸ್ಯ (ಮಧ್ಯಾಹ್ನ 12.35): ಅಕ್ಕಾ, ದುರ್ಬೀನು ಹಾಕಿ ನೋಡಿದರು. ಒಳಗೆ ಕಪ್ಪಾಗಿದೆ ಎಂದರು. ಇನ್ಸುಲಿನ್ ಶುರು ಮಾಡಿ ಹುಬ್ಬಳ್ಳಿಯ ಕಿಮ್ಸ್‌ಗೆ ಒಯ್ಯಿರಿ ಎಂದು ಹೇಳಿದ್ದಾರೆ. ಆಂಬುಲೆನ್ಸ್‌ನಲ್ಲಿದ್ದೇವೆ. ಹಬೆ ತೆಗೆದುಕೊಂಡದ್ದಕ್ಕೇ ಹೀಗಾಯಿತೇ ಎಂದು ಅಪ್ಪ ಕೇಳುತ್ತಿದ್ದಾರೆ.

ಡಾಕ್ಟರ್ (12.36): ಅಲ್ಲ ಎಂದು ಹೇಳು. ಹಬೆಗೂ ಇದಕ್ಕೂ ಸಂಬಂಧವಿಲ್ಲ. ಸಕ್ಕರೆಯ ಮಾತು ಈಗ ಎತ್ತಬೇಡ, ಅವರನ್ನು ಬೈಯುವ ಹೊತ್ತಲ್ಲ. ಇನ್ಸುಲಿನ್ ಎಷ್ಟು ಗಂಟೆಗೆ, ಎಷ್ಟು ಕೊಟ್ಟರು ಎಂದು ಬರೆಸಿಕೊಂಡಿರುವೆಯಾ? ಆ ಚೀಟಿಯ ಫೋಟೋ ನನಗೆ ಕಳುಹಿಸು, ಗುಂಪಿಗೆ ಹಾಕಬೇಡ. ಅಲ್ಲಿನ ನಮ್ಮ ವಿಭಾಗದವರಿಗೆ ಈಗ ಫೋನ್ ಮಾಡುತ್ತಿದ್ದೇನೆ.