ಸಮಸ್ಯಾಪೂರಣ: ಆವಿನ ಕಿವಿಯೊಳಗೆ ಕೋಟಿ ಜನ ಮಿಂದರಲಾ

ಪದ್ಯಪ್ರಿಯರೇ, ಈ ವಾರದ ಸಾಲು ಇದು:

ಆವಿನ ಕಿವಿಯೊಳಗೆ ಕೋಟಿ ಜನ ಮಿಂದರಲಾ

ಹಸುವಿನ ಕಿವಿ ಎಷ್ಟು ದೊಡ್ಡದು? ಒಂದು ನೊಣ ಹೊಕ್ಕರೇ ಅದು ತಲೆ ಕೊಡವುತ್ತದೆ. ಅಲ್ಲಿ ಕೋಟಿ ಜನ ಸ್ನಾನ ಮಾಡಿದ್ದು ಹೇಗೆ? ಮೇಲಿನ ಮೂರು ಸಾಲು ಕಟ್ಟಿ ನೀವೇ ಹೇಳಬೇಕು. ಛಂದಸ್ಸು ಕಂದ, ನಾಲ್ಕು ಸಾಲಿನ ಪದ್ಯ. ಒಂದು, ಮೂರನೇ ಸಾಲಿಗೆ 12 ಮಾತ್ರೆ (ಲಘು ಅಕ್ಷರಕ್ಕೆ ಒಂದು, ಗುರುವಿಗೆ ಎರಡು ಲೆಕ್ಕ). ಎರಡು, ನಾಲ್ಕಕ್ಕೆ 20. ಆದಿಪ್ರಾಸ, ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರ, ‘ವ’ಕಾರ.

ಉತ್ತರ ಕನ್ನಡದವರಿಗೆ ಇದು ಸುಲಭ, ಗೊತ್ತು. ಅದಕ್ಕೇ ಸುಮ್ನೆ ಊರಿನ ಹೆಸರು ಹೇಳಿ ಮುಗಿಸಬೇಡಿ.

ಕುಮಟಾದಿಂದ:

ರಾವಣನೆತ್ತದ ಲಿಂಗದ
ತಾವಿದು ಗೋಕರ್ಣವೆಂದು ನೆನೆದವರೆಲ್ಲಾ
ಪಾವನ ತೀರ್ಥದೊಳಿಳಿದರು;
ಆವಿನ ಕಿವಿಯೊಳಗೆ ಕೋಟಿ ಜನ ಮಿಂದರಲಾ!

ನಮ್ಮ ತಾಲೂಕಿನ ಊರು ಮಾರಾಯ್ರೆ, ಬಿಟ್ಟುಕೊಡಲಿಕ್ಕೆ ಆಗ್ತದಾ? ಗೋ ಅಂದರೆ ಆವು, ಕರ್ಣ ಅಂದರೆ ಕಿವಿ. ಗಣಪತಿ ಹುಡುಗನ ವೇಷದಲ್ಲಿ ಬಂದು ಆತ್ಮಲಿಂಗವನ್ನು ನೆಲಕ್ಕಿಟ್ಟ. ಸಂಧ್ಯಾವಂದನೆ ಮುಗಿಸಿ ಬಂದ ರಾವಣ ಎಷ್ಟು ಜಗ್ಗಿದರೂ ಅದು ಏಳಲಿಲ್ಲ. ತಿರುಚಿ ಹಸುವಿನ ಕಿವಿಯಂತಾಯ್ತು ಅಂತ ಕಥೆ. ಹತ್ತು ತಲೆಯವನನ್ನೇ ಸೋಲಿಸಿದ್ದಕ್ಕೆ ದೇವರು ಮಹಾಬಲೇಶ್ವರ ಆದ.

ಸಾಲು ಕೊಟ್ಟವನು: ಚೆಂದ! ಜಾಗ ಅನ್ನುವ ಅರ್ಥದ ‘ತಾವು’ ಎಂಬ ಹಳೇ ಮಾತು ಪ್ರಾಸಕ್ಕೆ ಸರಿಯಾಗಿ ಕೂತಿದೆ. ಎರಡನೇ ಸಾಲಿನ ಮೂರನೇ ಗಣ (ನಾಲ್ಕು ಮಾತ್ರೆಯ ತುಂಡು) ‘ಣವೆಂದು’. ಅಲ್ಲಿ ಜಗಣ, ಅಂದರೆ ಲಘು-ಗುರು-ಲಘು, ತಂದಿದ್ದಕ್ಕೆ ಒಂದು ಚಪ್ಪಾಳೆ ಜಾಸ್ತಿ. ಆದರೆ ‘ಕೋಟಿ’ಯನ್ನು ನೀವು ಬರೀ ಸಂಖ್ಯೆಯಾಗಿ ಬಿಟ್ಟಿರಿ ಅಲ್ವಾ?

ಕಾರವಾರದಿಂದ: ನನ್ನ ಮೊದಲ ಸಾಲು ಇಷ್ಟೇ: ‘ಶಿವನಿಗೆ ನಮಿಸಲು ಬಂದರು’. ಮಾತ್ರೆ ಹನ್ನೆರಡು ಸರಿ ಇದೆ. ಮುಂದುವರಿಸಲಾ?

ಸಾಲು ಕೊಟ್ಟವನು: ನಿಲ್ಲಿ ನಿಲ್ಲಿ! ‘ಆವಿನ’ದಲ್ಲಿ ಪ್ರಾಸದ ಅಕ್ಷರದ ಹಿಂದೆ ಗುರು ಇದೆ. ‘ಶಿವ’ದಲ್ಲಿ ಹಿಂದಿರುವುದು ಲಘು. ‘ವ’ ಇದ್ದರೂ ಪ್ರಾಸ ಕೆಟ್ಟಿತು. ‘ದೇವಗೆ ನಮಿಸಲು ಬಂದರು’ ಅನ್ನಿ, ಆಯ್ತು. ಶಿವನ ಊರಲ್ಲೇ ಶಿವನಿಗೆ ಜಾಗ ಇಲ್ಲ ಅಂತ ಬೈಯಬೇಡಿ. ತಪ್ಪು ನನ್ನದಲ್ಲ, ಕಂದದ್ದು.

ಶಿರಸಿಯಿಂದ:

ಯಾವುದು ಕೆರೆಯೀ ಊರಲಿ?
ಭಾವಾ, ಹೇಳುವೆನು ಕೇಳು, ಕಡಲಿನ ಬಳಿಯೇ
ನೋವನು ಕಳೆಯುವ ತೀರ್ಥವು,
ಆವಿನ ಕಿವಿಯೊಳಗೆ ಕೋಟಿ; ಜನ ಮಿಂದರಲಾ!

ಸಾಲು ಕೊಟ್ಟವನು: ಅಕ್ಕಾ, ಇದೇ ನೋಡಿ ನಾನು ಕಾಯುತ್ತಿದ್ದದ್ದು! ಒಂದಕ್ಷರ ಬದಲಿಸದೆ, ‘ಕೋಟಿ’ ಆದ ಮೇಲೆ ಉಸಿರು ನಿಲ್ಲಿಸಿದ್ದಷ್ಟೇ. ಕೋಟಿ ಜನ ಹೋಗಿ ಗೋಕರ್ಣದ ಕೆರೆ ಕೋಟಿತೀರ್ಥ ಬಂತು. ಕೋಟಿ ತೀರ್ಥಗಳು ಇಲ್ಲೇ ಕೂಡಿವೆ ಎಂಬ ನಂಬಿಕೆಯಿಂದ ಬಂದ ಹೆಸರು ಅದು. ಗೋಕರ್ಣಕ್ಕೆ ಬಂದವರು ಕಡಲಲ್ಲಿ ಮೀಯುತ್ತಾರೆ, ಕೋಟಿತೀರ್ಥದಲ್ಲೂ ಮುಳುಗುತ್ತಾರೆ, ಆಮೇಲೆ ಗಣಪತಿ, ಮಹಾಬಲೇಶ್ವರ. ಅಪ್ಪ, ಅಜ್ಜಂದಿರ ಕಾರ್ಯಕ್ಕೆ ಬರುವವರೂ ಬಹಳ. ಹಾಗಾಗಿ ‘ನೋವನು ಕಳೆಯುವ’ ಅನ್ನುವ ಮಾತು ನನಗೆ ಬರೀ ಪ್ರಾಸದ ಮಾತಾಗಿ ಕೇಳಲಿಲ್ಲ. ಆ ಮೆಟ್ಟಿಲ ಮೇಲೆ ತಲೆ ಒರೆಸಿಕೊಳ್ಳುತ್ತಾ ಮಾತಿಲ್ಲದೆ ಕೂತವರನ್ನು ನೋಡಿದ್ದೇನೆ.

ಕುಮಟಾದಿಂದ: ಅಕ್ಕ ಗೆದ್ದರು, ಒಪ್ಪಿದೆ. ಆದರೆ ‘ಕೆರೆಯೀ ಊರಲಿ’ ಸ್ವಲ್ಪ ಎಡವುತ್ತದೆ. ಒಂದು ಕಡೆ ಸಂಧಿ ಮಾಡಿ ಇನ್ನೊಂದು ಕಡೆ ಬಿಟ್ಟಿದ್ದೀರಿ.

ಶಿರಸಿಯಿಂದ: ಕೋಟಿತೀರ್ಥದ ಮೆಟ್ಟಿಲಲ್ಲಿ ಪಾಚಿ ಇರ್ತದೆ ಭಾವಾ, ಎಡವದೇ ಇಳಿಯೋದು ಹೇಗೆ?

ಸಾಲು ಕೊಟ್ಟವನು: ನಾನೂ ಒಂದು ಬರೆದಿದ್ದೇನೆ. ಸಾಲು ಕೊಟ್ಟವನು ಪೂರಣ ಮಾಡಬಾರದು ಅಂತ ನಿಯಮ ಇಲ್ಲವಲ್ಲ.

ತಾವೇ ಸೋಪಿನ ನೊರೆಯನು,
ಹೂವನು, ಬಾಳೆಲೆಯ ರಾಶಿ ತೇಲಿಸಿ ಬಿಟ್ಟೂ
‘ಪಾವನರಾದೆವು’ ಎನ್ನುತ
ಆವಿನ ಕಿವಿಯೊಳಗೆ ಕೋಟಿ ಜನ ಮಿಂದರಲಾ!

ಕಡಲಾದರೆ ದಿನಕ್ಕೆರಡು ಸಲ ಭರತ ಇಳಿತ ಆಗಿ ತೊಳೆದುಕೊಳ್ಳುತ್ತದೆ. ಕೆರೆಗೆ ಆ ಭಾಗ್ಯ ಇಲ್ಲ. ನಾವು ಬಿಟ್ಟದ್ದು ಅಲ್ಲೇ ಸುತ್ತುತ್ತದೆ.

ಕಾರವಾರದಿಂದ: ಇದು ಪೂರಣವೋ ಬೈಗುಳವೋ? ಆದರೂ ನಿಜ. ನನ್ನದು ಇನ್ನೂ ‘ದೇವಗೆ’ಯಲ್ಲೇ ನಿಂತಿದೆ, ಮುಂದಿನ ಸಾಲೇ ಬರ್ತಾ ಇಲ್ಲ. ಶಿರಸಿ ಅಕ್ಕನೇ ಮುಂದಿನ ಸಾಲು ಕೊಡಲಿ.

ಶಿರಸಿಯಿಂದ: ಸರಿ, ಈಗ ನಮ್ಮೂರಿನ ಕೆರೆ.

ಕೆರೆಯಿಂದೆದ್ದವಳೆ ತೇರನೇರುತ ಬಂದಳ್

ಮಾರಿಕಾಂಬೆಯ ಮೂರ್ತಿ ದೇವಿಕೆರೆಯಲ್ಲಿ ಸಿಕ್ಕಿತು ಅಂತ ನಮ್ಮಲ್ಲಿ ಹೇಳುತ್ತಾರೆ. ಎರಡು ವರ್ಷಕ್ಕೊಮ್ಮೆ ಜಾತ್ರೆ, ತೇರಿನಲ್ಲಿ ಬಿಡಕಿ ಬಯಲಿಗೆ ಬರುತ್ತಾಳೆ. ಆದರೆ ನೀವು ಮಾರಿಕಾಂಬೆ ಅನ್ನಬಾರದು, ಬೇರೆ ಯಾರನ್ನಾದರೂ ಕೆರೆಯಿಂದ ಎಬ್ಬಿಸಿ. ಈ ಸಲ ಮೊದಲಕ್ಷರ ಲಘು. ಕಾರವಾರದವರೇ, ‘ಮರ’, ‘ಎರಡು’, ‘ಸಿರಸಿ’ ಎಲ್ಲ ನಡೆಯುತ್ತವೆ. ‘ಊರು’ ಮಾತ್ರ ನಡೆಯುವುದಿಲ್ಲ.