ಪದಚರ್ಚೆ: ‘ವಿತ್‌ಡ್ರಾಯಲ್’ಗೆ ನಮ್ಮ ಕಡೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ನಾನು ಕುಮಟಾದಲ್ಲಿ ಜನರಲ್ ಪ್ರಾಕ್ಟೀಸ್ ಮಾಡುತ್ತೇನೆ. ಕಾರವಾರ, ಅಂಕೋಲೆ, ಶಿರಸಿಯ ಕೆಲವು ಡಾಕ್ಟರುಗಳೂ ನಾನೂ ಸೇರಿ, ಕುಡಿತದ ತೊಂದರೆ ಇರುವವರ ಕೈಗೆ, ಅವರ ಮನೆಯವರ ಕೈಗೆ ಕೊಡಲು ಕನ್ನಡದಲ್ಲಿ ಎರಡು ಪುಟದ ಹಾಳೆ ತಯಾರಿಸುತ್ತಿದ್ದೇವೆ. ಕೆಲವು ಪದಗಳಿಗೆ ನಿಮ್ಮ ಸಹಾಯ ಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ವಿತ್‌ಡ್ರಾಯಲ್.

ಪದ ಹುಡುಕುವ ಮೊದಲು ಆಗುವುದೇನು ಅಂತ ಹೇಳಿಬಿಡುತ್ತೇನೆ. ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ, ಸಾಮಾನ್ಯವಾಗಿ 6ರಿಂದ 24 ಗಂಟೆಯೊಳಗೆ ಕೈ ನಡುಕ, ಬೆವರು, ವಾಕರಿಕೆ ಶುರುವಾಗುತ್ತದೆ, ನಿದ್ರೆ ಬರುವುದಿಲ್ಲ. ಕೆಲವರಿಗೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರುತ್ತದೆ. ಇನ್ನು ಕೆಲವರಿಗೆ ಎರಡು ಮೂರು ದಿನ ಕಳೆದ ಮೇಲೆ ಹೊತ್ತು ಗೊತ್ತು ತಪ್ಪಿ, ಇಲ್ಲದ್ದು ಕಾಣತೊಡಗುತ್ತದೆ, ಗೋಡೆಯ ಮೇಲೆ ಹುಳ ಹರಿದಾಡುತ್ತಿದೆ ಅನ್ನುತ್ತಾರೆ, ಜ್ವರ ಏರುತ್ತದೆ, ಎದೆ ಬಡಿತ ಜೋರಾಗುತ್ತದೆ. ನಾವು ಡಾಕ್ಟರುಗಳು ಡೆಲಿರಿಯಂ ಟ್ರೆಮೆನ್ಸ್ ಅನ್ನುವುದು ಇದಕ್ಕೇ. ಚಿಕಿತ್ಸೆ ಸಿಗದಿದ್ದರೆ ಜೀವ ಹೋಗಬಹುದು. ಸರಿಯಾದ ಹೊತ್ತಿಗೆ ಮಾತ್ರೆ, ಥಯಾಮಿನ್ (ವಿಟಮಿನ್ ಬಿ1) ಇಂಜೆಕ್ಷನ್ ಕೊಟ್ಟರೆ ಹೆಚ್ಚಿನವರು ವಾರದೊಳಗೆ ಈ ಹಂತ ದಾಟುತ್ತಾರೆ.

ಅಂದರೆ ‘ಕುಡಿತ ಬಿಡಿ’ ಅನ್ನುವ ಹಾಳೆಯಲ್ಲೇ ‘ದಿನಾ ಜಾಸ್ತಿ ಕುಡಿಯುವವರು ಡಾಕ್ಟರಿಗೆ ತೋರಿಸದೆ ಒಮ್ಮೆಲೇ ನಿಲ್ಲಿಸಬೇಡಿ’ ಅಂತಲೂ ಬರೆಯಬೇಕು. ಓದುವವರಿಗೆ ಇವೆರಡೂ ಒಂದಕ್ಕೊಂದು ವಿರುದ್ಧ ಅನ್ನಿಸಬಾರದು. ಕಷ್ಟ ಇರುವುದು ಇಲ್ಲೇ.

ನಮ್ಮ ಕಡೆ ಇದು ಯಾವಾಗ ಕಾಣುತ್ತದೆ ಅಂತ ನೋಡಿ. ಅಯ್ಯಪ್ಪನ ಮಾಲೆ ಹಾಕಿದವರು 41 ದಿನದ ವ್ರತಕ್ಕೆ ಅಂತ ಅದೇ ದಿನ ಕುಡಿತ ನಿಲ್ಲಿಸುತ್ತಾರೆ. ಮರದಿಂದ ಬಿದ್ದು ಕಾಲು ಮುರಿದವರು ಆಸ್ಪತ್ರೆ ಸೇರುತ್ತಾರೆ, ಅಲ್ಲಿ ಕುಡಿಯಲು ಸಿಗುವುದಿಲ್ಲ. 2020ರ ಲಾಕ್‌ಡೌನಿನಲ್ಲಿ ಮೇ 4ರವರೆಗೆ ಅಂಗಡಿಗಳೇ ಮುಚ್ಚಿದ್ದವು. ಹೀಗೆ ನಿಂತ ಮೂರನೇ ದಿನ ಮನುಷ್ಯ ಏನೇನೋ ಮಾತಾಡತೊಡಗಿದರೆ ಮನೆಯವರು ‘ಗಾಳಿ ತಾಗಿದೆ’, ‘ಭೂತದ ಕಾಟ’ ಅನ್ನುತ್ತಾರೆ. ಮಾಲೆ ಹಾಕಿದವರಾದರೆ ‘ವ್ರತದಲ್ಲಿ ಏನೋ ತಪ್ಪಾಗಿದೆ’ ಅನ್ನುತ್ತಾರೆ. ನೋಡಿಸಲು, ಪ್ರಸಾದ ಕೇಳಲು ಹೋಗುತ್ತಾರೆ. ಅಷ್ಟರಲ್ಲಿ ಒಂದು ದಿನ ಕಳೆದಿರುತ್ತದೆ, ಆ ಒಂದು ದಿನ ತುಂಬಾ ಬೆಲೆಯುಳ್ಳದ್ದು. ಅವರ ಬಳಿ ಆಗಲೇ ಒಂದು ಹೆಸರು ಇದೆ. ನಾವು ಕೊಡುವ ಹೆಸರು ಅದಕ್ಕಿಂತ ಬೇಗ ನಾಲಿಗೆಗೆ ಬರಬೇಕು, ಅಲ್ವಾ?

ಈಗ ಇರುವ ಪದಗಳು. ಕೆಲವು ಕರಪತ್ರಗಳಲ್ಲಿ ‘ಹಿಂತೆಗೆತದ ಲಕ್ಷಣಗಳು’ ಅಂತ ಇರುತ್ತದೆ. ಇದು ನಾಮಪತ್ರ ಹಿಂತೆಗೆದ ಹಾಗೆ, ಬ್ಯಾಂಕಿನಿಂದ ದುಡ್ಡು ತೆಗೆದ ಹಾಗೆ ಕೇಳುತ್ತದೆ. ಕುಡಿಯುವವರು ಏನನ್ನೂ ಹಿಂತೆಗೆಯುತ್ತಿಲ್ಲ. ‘ವರ್ಜನ ಲಕ್ಷಣ’ ಅಂತಲೂ ಒಬ್ಬರು ಹೇಳಿದರು. ಮದ್ಯವರ್ಜನ ಶಿಬಿರಗಳಿಂದಾಗಿ ವರ್ಜನ ಅನ್ನುವುದು ಊರೂರಿಗೂ ಪರಿಚಯದ ಮಾತು. ಆದರೆ ಅದು ಒಳ್ಳೆಯ ಕೆಲಸದ ಹೆಸರಾಗಿ ಬೇರೂರಿದೆ, ಅದಕ್ಕೆ ತೊಂದರೆಯ ಅರ್ಥ ಅಂಟಿಸುವುದು ಬೇಡ ಅನ್ನಿಸುತ್ತದೆ. ಕುಡಿಯುವವರು ತಾವೇ ಹೇಳುವುದು ‘ಹ್ಯಾಂಗೋವರ್’ ಅಂತ. ಇದು ಎಲ್ಲಕ್ಕಿಂತ ಅಪಾಯದ ಪದ. ಹ್ಯಾಂಗೋವರ್ ಅಂದುಕೊಂಡು ಎದ್ದು ಒಂದು ನೈಂಟಿ ಹಾಕುತ್ತಾರೆ, ನಡುಕ ನಿಜವಾಗಿಯೂ ನಿಲ್ಲುತ್ತದೆ, ನಿಂತದ್ದಕ್ಕೆ ಕುಡಿತವೇ ಔಷಧಿ ಅಂತ ನಂಬುತ್ತಾರೆ. ಬರೀ ‘ನಡುಕ’ ಅಂದರೆ ಚಳಿಜ್ವರ, ಮುಪ್ಪಿನ ನಡುಕ ಎಲ್ಲ ಸೇರಿಬಿಡುತ್ತದೆ. ‘ಕಾಟ’ ಅಂದರೆ ಮತ್ತೆ ಭೂತದ ಹತ್ತಿರವೇ ಹೋದ ಹಾಗೆ.

ಶಿರಸಿಯ ಗೆಳೆಯರೊಬ್ಬರು ‘ಬಿಡುಬೇನೆ’ ಅಂತ ಸೂಚಿಸಿದ್ದಾರೆ, ಹೊಟ್ಟೆಬೇನೆ ಇದ್ದ ಹಾಗೆ. ನನಗೆ ಕೇಳಲು ಇಷ್ಟವಾಯಿತು. ಬೇನೆ ಅನ್ನುವುದು ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು. ಎರಡು ಅನುಮಾನ ಇದೆ. ಒಂದು, ಇದನ್ನು ‘ಬಿಟ್ಟುಹೋಗುವ ಬೇನೆ’ ಅಂತ ಓದಬಹುದಾ? ಎರಡನೆಯದು ಇನ್ನೂ ದೊಡ್ಡದು: ‘ಬಿಟ್ಟರೆ ಬೇನೆ ಬರುತ್ತದಂತೆ, ಹಾಗಾದರೆ ಕುಡಿಯುವುದೇ ಒಳ್ಳೆಯದು’ ಅಂತ ತಿಳಿಯಬಹುದಾ? ಹೆದರಿಸುವ ಪದ ಬೇಡ, ಅಪಾಯ ಮುಚ್ಚಿಡುವ ಪದವೂ ಬೇಡ. ಸದ್ಯಕ್ಕೆ ನಾವು ‘ಕುಡಿತ ನಿಂತ ಮೊದಲ ವಾರದ ತೊಂದರೆ’ ಅಂತ ಉದ್ದಕ್ಕೆ ಬರೆದುಕೊಂಡಿದ್ದೇವೆ. ಮೊದಲ ವಾರ ಅಂದಾಗ ಇದು ಮುಗಿಯುತ್ತದೆ ಅನ್ನುವ ಭರವಸೆಯೂ ಅದರಲ್ಲೇ ಬರುತ್ತದೆ. ಆದರೆ ಗಾಬರಿಯಲ್ಲಿ ಫೋನ್ ಮಾಡುವ ಹೆಂಡತಿಯ ಬಾಯಲ್ಲಿ ಇಷ್ಟುದ್ದ ಬರುವುದಿಲ್ಲ.

ಇನ್ನು ರೋಗಿಯನ್ನು ಕರೆಯುವ ಮಾತು. ‘ಕುಡುಕ’ ಅನ್ನುವುದನ್ನು ಹಾಳೆಯಲ್ಲಿ ಎಲ್ಲೂ ಹಾಕಿಲ್ಲ, ಹಾಕುವುದೂ ಇಲ್ಲ. ಹಾಗೆ ಕರೆಸಿಕೊಂಡವರು ಎರಡನೇ ಸಲ ಕ್ಲಿನಿಕ್ಕಿಗೆ ಬರುವುದಿಲ್ಲ. ‘ವ್ಯಸನಿ’ ಸ್ವಲ್ಪ ಮರ್ಯಾದೆಯ ಪದ, ಆದರೂ ಸಪ್ತವ್ಯಸನದ ನೆರಳು ಅದರ ಮೇಲೆ ಇದೆ: ಜೂಜು, ಕಳ್ಳತನದ ಸಾಲಿನಲ್ಲಿ ನಿಲ್ಲಿಸಿದ ಹಾಗೆ. ಹಿರಿಯರ ಮಾತಿನಲ್ಲಿ ‘ವ್ಯಸನ ಮಾಡಬೇಡ’ ಅಂದರೆ ದುಃಖ ಪಡಬೇಡ ಅಂತ, ಅದೂ ಇದೆ. ‘ಅವಲಂಬಿತ’ ಅಂದರೆ ರೇಷನ್ ಕಾರ್ಡಿನಲ್ಲಿರುವ ಹೆಂಡತಿ ಮಕ್ಕಳ ನೆನಪಾಗುತ್ತದೆ. ಅಮೆರಿಕದ ಮನೋವೈದ್ಯರ ಡಿಎಸ್‌ಎಂ-5 ಕೈಪಿಡಿ 2013ರಲ್ಲಿ ದುರ್ಬಳಕೆ, ಅವಲಂಬನೆ ಎರಡನ್ನೂ ಒಂದೇ ಕಾಯಿಲೆಯಡಿ ಸೇರಿಸಿ, ಹಗುರ, ಮಧ್ಯಮ, ತೀವ್ರ ಅಂತ ಮೂರು ಮಟ್ಟ ಮಾಡಿತು. ಆ ನೋಟದಲ್ಲಿ ‘ಕುಡಿತದ ತೊಂದರೆ ಇರುವವರು’ ಅನ್ನುವುದೇ ಸರಿಹೋಗುತ್ತದೆ. ತೊಂದರೆ ಹೆಚ್ಚು ಕಡಿಮೆ ಆಗಬಹುದು, ಕುಡುಕ ಅಂದಮೇಲೆ ಅದಕ್ಕೆ ಜಾಗವೇ ಇಲ್ಲ.

ಪ್ರಶ್ನೆ ಕೇಳುವ ಕನ್ನಡವೂ ಮುಖ್ಯ. ಕುಡಿತದ ತೊಂದರೆ ಎಷ್ಟಿದೆ ಅಂತ ತಿಳಿಯಲು ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್ (AUDIT) ಅನ್ನುವ 10 ಪ್ರಶ್ನೆಗಳ ಪಟ್ಟಿಯನ್ನು ನಾವು ಬಳಸುತ್ತೇವೆ. ಅದರಲ್ಲಿ ಬೆಳಿಗ್ಗೆ ಎದ್ದು ಕುಡಿಯಲೇಬೇಕು ಅನ್ನಿಸುತ್ತದೆಯೇ ಅನ್ನುವ ಪ್ರಶ್ನೆ ಇದೆ. ಕಾರವಾರದ ಬೈತಖೋಲ ಬಂದರಿನ ಮೀನು ಬೋಟಿನವರು ರಾತ್ರಿ ಸಮುದ್ರದಲ್ಲಿದ್ದು ಹಗಲು ಮಲಗಿದರೆ, ಅವರಿಗೆ ಬೆಳಿಗ್ಗೆ ಯಾವುದು? ‘ನಿದ್ದೆಯಿಂದ ಎದ್ದ ಕೂಡಲೇ’ ಅಂತ ಬದಲಿಸಿದ್ದೇವೆ. ‘ಮದ್ಯ ಸೇವಿಸುತ್ತೀರಾ’ ಅಂದರೆ ಕೋರ್ಟಿನಲ್ಲಿ ಕೇಳಿದ ಹಾಗಾಗುತ್ತದೆ. ‘ಸಾರಾಯಿ ಕುಡಿಯುತ್ತೀರಾ’ ಅಂದರೆ ‘ಛೆ ಇಲ್ಲ’ ಅನ್ನುತ್ತಾರೆ, ವಿಸ್ಕಿ ಪ್ಯಾಕೆಟ್ ಕುಡಿಯುವವರೂ ಇಲ್ಲ ಅನ್ನುತ್ತಾರೆ. ಸಾರಾಯಿ ಮಾರಾಟ ನಿಂತದ್ದು 2007ರಲ್ಲಿ. ಆದರೆ ಆ ಪದಕ್ಕೆ ಅಂಟಿದ ನೋವು ಹೋಗಿಲ್ಲ. ಅಂಕೋಲೆಯ ಬಡಗೇರಿಯಲ್ಲಿ ಹಾಲಕ್ಕಿ ಸಮುದಾಯದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರು ಹೋರಾಡಿದ್ದು ಅದರ ವಿರುದ್ಧವೇ. ಬಿಯರನ್ನು ಹಲವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಕಾರವಾರದ ಕೊಂಕಣಿಯವರಲ್ಲಿ ‘ಸೊರೊ’ ಅಂತ ಕೇಳಿದರೆ ಮಾತು ತಾನಾಗಿ ಬರುತ್ತದೆ.

ಅಳತೆಗೆ ಮಾತ್ರ ಹೊಸ ಪದ ಬೇಡ. 10 ಗ್ರಾಂ ಆಲ್ಕೋಹಾಲಿಗೆ ಒಂದು ಸ್ಟ್ಯಾಂಡರ್ಡ್ ಡ್ರಿಂಕ್ ಅನ್ನುತ್ತಾರೆ. 30 ಎಂಎಲ್ ವಿಸ್ಕಿಯ ಒಂದು ಪೆಗ್ಗಿನಲ್ಲಿ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ನೈಂಟಿ (90 ಎಂಎಲ್) ಅಂದರೆ ಮೂರು ಪೆಗ್, ಕ್ವಾರ್ಟರ್ (180 ಎಂಎಲ್) ಅಂದರೆ ಆರು. ನೂರಕ್ಕೆ ಎಂಟರಷ್ಟು ಆಲ್ಕೋಹಾಲ್ ಇರುವ 650 ಎಂಎಲ್ ಸ್ಟ್ರಾಂಗ್ ಬಿಯರ್ ಬಾಟಲಿ ನಾಲ್ಕು ಪೆಗ್ಗಿಗೆ ಸಮ. ಇದನ್ನು ಹಾಗೇ ಬರೆದಿದ್ದೇವೆ.

‘ಮದ್ದು’ ಬಗ್ಗೆ ಒಂದು ಮಾತು. ನಮ್ಮಲ್ಲಿ ಮದ್ದು ಅಂದರೆ ಔಷಧಿ, ‘ಮದ್ದು ಹಾಕುವುದು’ ಅಂದರೆ ಗೊತ್ತಾಗದ ಹಾಗೆ ಅನ್ನದಲ್ಲಿ ಏನೋ ಬೆರೆಸುವುದು. ‘ಡಾಕ್ಟ್ರೇ, ಕುಡಿತ ಬಿಡೋ ಮದ್ದು ಹಾಕ್ತೇನೆ, ಕೊಡಿ’ ಅಂತ ಹೆಂಗಸರು ಕೇಳುತ್ತಾರೆ, ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಂ ಮಾತ್ರೆಯನ್ನು ಸಾಂಬಾರಿಗೆ ಬೆರೆಸಿ, ಗಂಡ ಅದು ಗೊತ್ತಿಲ್ಲದೆ ಮದ್ಯ ಕುಡಿದರೆ, ವಾಂತಿ ಆಗಿ, ಬಿಪಿ ಕುಸಿದು ಜೀವಕ್ಕೇ ಅಪಾಯ ಬರಬಹುದು. ಅದಕ್ಕೆ ‘ತಿಳಿದು, ಒಪ್ಪಿ ತೆಗೆದುಕೊಳ್ಳುವ ಮಾತ್ರೆ’ ಅಂತ ಬರೆದಿದ್ದೇವೆ. ಇದಕ್ಕಿಂತ ಚಿಕ್ಕದು ಯಾರಿಗಾದರೂ ಹೊಳೆದರೆ ಹೇಳಿ.

‘ಡ್ರಗ್ಸ್’ ಅನ್ನುವ ಪದವನ್ನು ಬಿಟ್ಟೆವು, ಕೇಳಿದ ಕೂಡಲೇ ಪೊಲೀಸರ ನೆನಪಾಗುತ್ತದೆ. ಗಾಂಜಾ, ನಿದ್ರೆ ಮಾತ್ರೆ, ನೋವಿನ ಮಾತ್ರೆ ಅಂತ ಹೆಸರು ಹಿಡಿದೇ ಕೇಳುತ್ತೇವೆ. ತುಂಬಾ ದಿನದಿಂದ ನಿದ್ರೆ ಮಾತ್ರೆ ನುಂಗುವವರು ಒಮ್ಮೆಲೇ ಬಿಟ್ಟರೂ ಫಿಟ್ಸ್ ಬರಬಹುದು. ಹಾಗಾಗಿ ವಿತ್‌ಡ್ರಾಯಲ್‌ಗೆ ಸಿಗುವ ಪದ ಅದಕ್ಕೂ ಹೊಂದಬೇಕು.

ಬಿಟ್ಟವರು ಮತ್ತೆ ಕುಡಿದರೆ ಮನೆಯವರು ‘ಮಾತು ತಪ್ಪಿದ’, ‘ಆಣೆ ಮುರಿದ’ ಅನ್ನುತ್ತಾರೆ. ನಾವು ‘ಮರುಕಳಿಸಿದೆ’ ಅಂತ ಇಟ್ಟಿದ್ದೇವೆ. ಜ್ವರ ಮರುಕಳಿಸಿದರೆ ಯಾರೂ ರೋಗಿಯನ್ನು ಬೈಯುವುದಿಲ್ಲ, ಪುನಃ ಡಾಕ್ಟರ ಹತ್ತಿರ ಕರೆತರುತ್ತಾರೆ.

ಹಾಳೆಯ ಕೊನೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸದ 14416 ನಂಬರ್ ಹಾಕುತ್ತೇವೆ. ನನಗೆ ಬೇಕಾದದ್ದು ಇಷ್ಟು: ಬಿಡುಬೇನೆ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ಹೊನ್ನಾವರ, ಜೋಯಿಡಾ, ಯಲ್ಲಾಪುರದ ಕಡೆ ಕುಡಿತ ನಿಂತಾಗಿನ ನಡುಕಕ್ಕೆ, ಭ್ರಮೆಗೆ ಮನೆಗಳಲ್ಲಿ ಬೇರೆ ಮಾತು ಇದೆಯಾ? ಹಾಲಕ್ಕಿಗಳಲ್ಲಿ, ಭಟ್ಕಳದ ನವಾಯತಿ ಭಾಷೆಯಲ್ಲಿ ಏನನ್ನುತ್ತಾರೆ? ಕೇಳಿದ ಮಾತನ್ನು ಕೇಳಿದ ಹಾಗೇ ಬರೆಯಿರಿ, ತಿದ್ದಬೇಡಿ. ಯಾವ ಊರು, ಯಾವ ವಯಸ್ಸಿನವರು ಹೇಳಿದ್ದು ಅಂತಲೂ ಸೇರಿಸಿದರೆ ನಮಗೆ ತುಂಬಾ ಉಪಯೋಗ.